ಬೇವಿನ ಮರ ಉಳಿಸಿ ಕಟ್ಟಿದ ಗ್ರಂಥಾಲಯ

ಸವದತ್ತಿಯಿಂದ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯ ಒಂದು ಹಳ್ಳಿಗೆ ಗ್ರಂಥಾಲಯದ ನಕ್ಷೆ ಬರೆದವಳು ನಾನು. ಜಾಗದ ನಡುವೆ ಹಳೆಯ ಬೇವಿನ ಮರವಿತ್ತು. ಕಡಿಯಲು ಹೊರಟ ಗುತ್ತಿಗೆದಾರನೊಡನೆ ಜಗಳವಾಡಿ ಅದನ್ನು ಉಳಿಸಿದೆ. ಮರದ ಸುತ್ತ ಊರವರು ಕೂರಲು ಕಲ್ಲಿನ ಕಟ್ಟೆ, ಅಂಗಳದ ಸುತ್ತ ಓದುವ ಕೋಣೆಗಳು. ಒಳಗೆ ಹೋಗುವವರು ಆ ನೆರಳನ್ನು ದಾಟಿಯೇ ಹೋಗಬೇಕು. ಈ ಏರ್ಪಾಟಿನ ಬಗ್ಗೆ ನನಗೆ ಬಹಳ ಜಂಬವಿತ್ತು.

ದಿನವೂ ಓದಲು ಬರುತ್ತಿದ್ದವಳು ಪೊಲೀಸ್ ಪರೀಕ್ಷೆಗೆ ತಯಾರಾಗುತ್ತಿದ್ದ ಒಬ್ಬ ಹುಡುಗಿ. ಮನೆಯಲ್ಲಿ ಒಂದೇ ಖೋಲಿ, ಅದರಲ್ಲೇ ಟಿವಿ, ಅಣ್ಣನ ಮಕ್ಕಳು. ಓದಿದ್ದು ಇಲ್ಲಿ ಮಾತ್ರ ತಲೆಗೆ ಹತ್ತುತ್ತದೆ ಎನ್ನುತ್ತಿದ್ದಳು. ಈ ಸಲ ಬಿಟ್ಟರೆ ಅವಳಿಗೆ ವಯಸ್ಸು ಮೀರುತ್ತಿತ್ತು.

ಒಂದು ಹುಣ್ಣಿಮೆಗೆ, ಗುಡ್ಡದಿಂದ ಇಳಿದು ಬಂದ ಯಾರೋ ಮರಕ್ಕೆ ಭಂಡಾರ, ಅಂದರೆ ದೇವಿಯ ಅರಿಸಿನ, ಹಚ್ಚಿದರು. ನಮ್ಮ ಕಡೆ ಕಟ್ಟೆ ಕಟ್ಟಿದ ಬೇವಿಗೆ ಭಂಡಾರ ಬಿತ್ತೆಂದರೆ ಮುಗಿಯಿತು, ಅದು ಬರೀ ಮರವಾಗಿ ಉಳಿಯುವುದಿಲ್ಲ. ಇದೇ ನೆಲದಲ್ಲಿ ಹುಟ್ಟಿ ಬೆಳೆದ ನನಗೆ ನಕ್ಷೆ ಬರೆಯುವಾಗ ಅದು ಹೊಳೆದಿರಲಿಲ್ಲ. ಮೊದಲು ಹಸಿರು ಬಳೆ ಬಂದವು, ಆಮೇಲೆ ಗಂಟೆ, ಆಮೇಲೆ ಪೂಜೆಗೊಬ್ಬರು, ಅವರ ಸುತ್ತ ಹರಟೆಗೆ ಕೂರುವ ಗಂಡಸರು. ಅಂಗಳಕ್ಕೆ ಮಡಿ ಬಂತು. ಮುಟ್ಟಾದವರು ದಾಟುವಂತಿಲ್ಲ ಎಂದಾಯಿತು. ಸ್ವತಃ ಯಲ್ಲಮ್ಮ ಹೆಣ್ಣಲ್ಲವೇ ಎಂದು ಕೇಳಿದರೆ ನನ್ನನ್ನೇ ದುರುಗುಟ್ಟಿ ನೋಡಿದರು. ದೇವರು ಕೊಟ್ಟರೂ ಪೂಜಾರಿ ಕೊಡ.

ಹಿಂದಿನ ಗೋಡೆ ಒಡೆದು ಇನ್ನೊಂದು ಬಾಗಿಲು ಇಡೋಣ ಎಂದು ಊರ ಹಿರಿಯರನ್ನು ಕೇಳಿದೆ. ಅವರು ಚಹಾ ಕುಡಿಸಿ, ಓದುವುದಕ್ಕೆ ಯಾರೂ ಅಡ್ಡಿ ಮಾಡಿಲ್ಲವಲ್ಲ ಎಂದರು. ಚಹಾ ಮಾತ್ರ ಪೂರ್ತಿ ಕುಡಿದು ಎದ್ದೆ.

ಅಷ್ಟರಲ್ಲಿ ಹುಡುಗಿ ಬರುವುದನ್ನು ನಿಲ್ಲಿಸಿದ್ದಳು. ಅವಳ ಮನೆಗೆ ಹೋದೆ. ಆ ನಾಲ್ಕು ದಿನ ಹೇಗೋ ಮನೆಯಲ್ಲೇ ಓದು, ಉಳಿದ ದಿನ ಬಾ, ಪರೀಕ್ಷೆಯೊಂದನ್ನು ಬಿಡಬೇಡ ಎಂದು ಅಂಗಲಾಚಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು.

"ನಾಕ ದಿನಾ ನಾ ಕಾಣ್ಲಿಲ್ಲಂದ್ರ, ಕಟ್ಟಿ ಮ್ಯಾಲ ಕುಂತ ಗಂಡಸರಿಗೆಲ್ಲಾ ಗೊತ್ತಾಗತೈತ್ರಿ ಅಕ್ಕಾರ. ಐದನೇ ದಿನಾ ಹೋದ್ರ ನನ್ನ ಮಾರಿ ನೋಡಿ ನಗತಾರ. ಅದಕ್ಕ ಪೂರಾ ಬಿಟ್ಟೇನ್ರಿ."