ಸೋದರಮಾವನಿಗೆ ಬಿಟ್ಟ ಜಾಗ

ಕ್ಯಾಮೆರಾಕ್ಕೆ ಕಾಣದ್ದು ಲೋಕದಲ್ಲಿ ಇಲ್ಲ ಎಂದು ಬಹಳ ಕಾಲ ವಾದ ಮಾಡಿಕೊಂಡು ಬಂದವನು ನಾನು. ಯಾರಾದರೂ ಮೊಬೈಲ್ ಹಿಡಿದುಕೊಂಡು ಬಂದು, "ಇಲ್ಲ್ ಕಾಣಿ, ಹೊಗಿಯಗೆ ಒಂದ್ ಮುಖ ಇಲ್ಯಾ?" ಎಂದರೆ ಸಾಕು, ಲೆನ್ಸಿನ ಮೇಲೆ ಬೆಳಕು ಬಿದ್ದರೆ ಹೀಗಾಗುತ್ತದೆ, ಬೆರಳಿನ ಎಣ್ಣೆ ತಾಗಿದರೆ ಹಾಗಾಗುತ್ತದೆ ಎಂದು ಅವರ ಬಾಯಿ ಮುಚ್ಚಿಸಿ ಕಳಿಸುತ್ತಿದ್ದೆ. ಹೆದರಿದವರನ್ನು ಕಂಡರೆ ನನಗೆ ತಮಾಷೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಹೆದರಿಕೆಯ ಕಥೆ ಎಂದುಕೊಂಡು ಕುಳಿತವರಿಗೆ ಮಾತ್ರ ಸ್ವಲ್ಪ ನಿರಾಸೆಯಾಗಬಹುದು. ಇದು ನಡೆದದ್ದು ಹಾಡಹಗಲು, ನೂರಾರು ಜನರ ಎದುರು, ಊಟಕ್ಕೆ ಎಲೆ ಹಾಕುವ ಹೊತ್ತಿನಲ್ಲಿ.

ಕುಂದಾಪುರದ ಒಂದು ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಲೈಟ್ ಹಿಡಿದು, ಬೇರೆಯವರ ಹೆಸರಿನ ಆಲ್ಬಮ್‌ಗಳಿಗೆ ಫೋಟೋ ತೆಗೆದುಕೊಟ್ಟು, ಕೊನೆಗೂ ಸ್ವಂತ ಬೋರ್ಡು ಹಾಕಿದ್ದೆ. ನನ್ನದೇ ಹೆಸರಿನಲ್ಲಿ ಸಿಕ್ಕಿದ ಮೊದಲ ದೊಡ್ಡ ಮದುವೆ ಅದು. ಹೆಣ್ಣಿನ ಕಡೆಯವರು ಕೋಡಿಯ ಮೀನು ವ್ಯಾಪಾರಸ್ಥರು, ಗಂಡಿನ ಕಡೆಯವರು ಬೈಂದೂರಿನವರು, ಮದುವೆ ಕುಂಭಾಶಿಯ ಒಂದು ಸಭಾಭವನದಲ್ಲಿ. ಮೀನು ವ್ಯಾಪಾರದವರಿಗೆ ಕರಾವಳಿಯ ಉದ್ದಕ್ಕೂ ನೆಂಟರು. ಈ ಮದುವೆಯೊಂದು ಚೆನ್ನಾಗಿ ಬಂದರೆ ಬಾಯಿಂದ ಬಾಯಿಗೆ ಹೆಸರು ಹೋಗುತ್ತದೆ, ಕೆಟ್ಟರೂ ಅದೇ ದಾರಿಯಲ್ಲಿ ಹೋಗುತ್ತದೆ. ಹಿಂದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಬೇಕಾದವರು ಇದನ್ನೇ ಕಾರಣ ಎಂದು ಇಟ್ಟುಕೊಳ್ಳಬಹುದು.

ಧಾರೆ ಮುಗಿದ ಮೇಲೆ ಕುಟುಂಬದ ಫೋಟೋ. ಆಗ ವೇದಿಕೆಯ ಮೇಲೆ ನಮ್ಮದೇ ಯಜಮಾನಿಕೆ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಸಂಬಂಧಗಳನ್ನು ಕೂಗುತ್ತೇವೆ. ಮದುಮಗಳ ಅಪ್ಪ ಅಮ್ಮ ಬಂದರು, ದೊಡ್ಡಪ್ಪ ಬಂದರು, ಅಣ್ಣ ಅತ್ತಿಗೆ ಬಂದರು. "ಸೋದರಮಾವ ಎಲ್ಲಿ? ಬನ್ನಿ, ಬೇಗ ಬನ್ನಿ" ಎಂದು ಜೋರಾಗಿ ಕೂಗಿದೆ. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಪಕ್ಕದ ಮೆಟ್ಟಿಲು ಹತ್ತಿ ಒಬ್ಬರು ಬಂದರು. ಅರವತ್ತರ ಆಸುಪಾಸು, ತಿಳಿನೀಲಿ ಅರ್ಧತೋಳಿನ ಅಂಗಿ, ಕನ್ನಡಕದ ಒಂದು ಕಾಲು ಮುರಿದು ಅದರ ಬದಲಿಗೆ ಬಿಳಿ ದಾರವನ್ನು ಕಿವಿಗೆ ಸುತ್ತಿಕೊಂಡಿದ್ದರು. ಕತ್ತನ್ನು ಎಡಕ್ಕೆ ಸ್ವಲ್ಪ ವಾಲಿಸಿ, ನಿಲ್ಲಲೋ ಬೇಡವೋ ಎಂಬಂತೆ ಮದುಮಗಳಿಗೂ ಅವಳ ತಾಯಿಗೂ ನಡುವೆ ಬಂದರು. ಮದುವೆಗೆ ಇಂಥ ಕನ್ನಡಕ ಹಾಕಿಕೊಂಡು ಬರುವುದೇ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು.

"ಅಕ್ಕ, ನೀವ್ ಚೂರ್ ಆಚಿಗ್ ಹೋಯ್ನಿ. ಮಾವನಿಗೆ ಜಾಗ ಬಿಡಿ" ಎಂದೆ. ಆಕೆ ನನ್ನನ್ನೇ ನೋಡುತ್ತ ಒಂದು ಹೆಜ್ಜೆ ಸರಿದರು. "ಮಾವ, ಕತ್ತ್ ನೆಟ್ಟಗ್ ಮಾಡಿ" ಎಂದೆ. ಅವರು ನೆಟ್ಟಗೆ ಮಾಡಿದರು. ಬೆನ್ನುಬೆನ್ನಿಗೆ ಕೆಲವು ಫೋಟೋ ತೆಗೆದೆ.

ಕೆಳಗಿನ ಕುರ್ಚಿಗಳಿಂದ ಒಂದು ಹೆಂಗಸಿನ ಧ್ವನಿ ಕೇಳಿತು. "ಹ್ವಾಯ್, ಇವ್ರ್ ಯಾರ್ ಹತ್ರ ಮಾತಾಡುದ್?" ಯಾರೋ ನಕ್ಕರು, ನಗು ಸಾಲಿನಿಂದ ಸಾಲಿಗೆ ಹೋಯಿತು. ನಾನು ಕ್ಯಾಮೆರಾ ಇಳಿಸಿ ನೋಡಿದೆ. ತಾಯಿ ಮಗಳ ನಡುವೆ ಯಾರೂ ಇರಲಿಲ್ಲ.

ಮದುಮಗಳ ತಂದೆ ನನ್ನ ತೋಳು ಹಿಡಿದು ವೇದಿಕೆಯ ಹಿಂದಕ್ಕೆ ಕರೆದುಕೊಂಡು ಹೋದರು. "ಎಂತ ಮಾರಾಯ್ರೆ, ಬೆಳಿಗ್ಗೆಯೇ ಹಾಕ್ಕಂಡ್ ಬಂದದ್ದಾ?" ಎಂದರು. ಅಡುಗೆಯವರು ಸೌಟು ಹಿಡಿದುಕೊಂಡೇ ನೋಡುತ್ತಿದ್ದರು. ಕುಡಿಯುವ ಅಭ್ಯಾಸವೇ ನನಗಿಲ್ಲ. ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಫೋಟೋ ನೋಡಿದೆ. ಎಲ್ಲದರಲ್ಲೂ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ, ಹಲ್ಲು ಬಿದ್ದ ಬಾಯಿಯ ಹಾಗೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಊಟಕ್ಕೆ ಕೂರುವ ಮುಖವಿರಲಿಲ್ಲ. ಕೈತೊಳೆಯುವ ಜಾಗದ ಹಿಂದೆ ಒಬ್ಬನೇ ನಿಂತಿದ್ದೆ. ಅಲ್ಲಿಗೆ ಮದುಮಗಳ ತಾಯಿ ಬಂದರು. "ಯಾರಿಗ್ ಜಾಗ ಬಿಡುಕ್ ಹೇಳ್ದ್ರಿ ನೀವ್?" ಎಂದು ಮೆಲ್ಲಗೆ ಕೇಳಿದರು. ಕಂಡದ್ದನ್ನು ಹೇಳಿದೆ. ದಾರ ಕಟ್ಟಿದ ಕನ್ನಡಕ ಎಂದ ಕೂಡಲೇ ಆಕೆ ರೇಷ್ಮೆ ಸೀರೆಯಲ್ಲೇ ಒದ್ದೆ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ನಮ್ಮಣ್ಣ ಅದ್. ಮುಂಬೈಯಗೆ ಕ್ಯಾಂಟೀನ್ ನಡ್ಸ್ತ. ನನ್ ಮಗಳನ್ನ ಓದ್ಸದ್ದೇ ಅಣ್ಣ. ಮನಿ ಜಾಗದ್ ತಕರಾರಗೆ ಇವ್ರಿಗೂ ಅವ್ನಿಗೂ ಮಾತ್ ಬಿಟ್ಟ್ ಹೋಯ್ತ್. ನಾವ್ ಮದಿಗ್ ಕರೀಲಿಲ್ಲ." "ಅಣ್ಣನಿಗ್ ಎಂತದೋ ಆಯ್ತ್ ಕಾಣತ್ತ್" ಎಂದರು. ತನ್ನ ಫೋನಿನಿಂದ ಕರೆ ಮಾಡುವ ಧೈರ್ಯ ಆಕೆಗಿರಲಿಲ್ಲ. ನನ್ನ ಫೋನಿಗೆ ನಂಬರು ಹೇಳಿದರು.

ಅತ್ತ ಕಡೆಯಿಂದ ಕೂಡಲೇ ಉತ್ತರ ಬಂತು. ಹಿಂದೆ ತಟ್ಟೆ ಲೋಟಗಳ ಸದ್ದು, ಹಿಂದಿಯಲ್ಲಿ ಯಾರೋ ಚಹಾ ಕೇಳುವುದು. ಮನುಷ್ಯ ಬದುಕಿದ್ದಾರೆ, ಮುಂಬೈಯ ತಮ್ಮ ಕ್ಯಾಂಟೀನಿನಲ್ಲೇ ಇದ್ದಾರೆ. ಫೋನನ್ನು ತಂಗಿಯ ಕಿವಿಗೆ ಕೊಟ್ಟೆ. ಆಕೆ ಅಣ್ಣನ ಧ್ವನಿ ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು, ಫೋನನ್ನು ನನಗೇ ಹಿಂದಕ್ಕೆ ಕೊಟ್ಟರು. ಏನು ಹೇಳಬೇಕೋ ತಿಳಿಯದೆ ನಾನು "ರಾಂಗ್ ನಂಬರ್ ಆಯ್ತ್" ಎಂದೆ.

"ಅಡ್ಡಿಲ್ಲ. ಮಾತ್ ಕೇಂಡ್ರೆ ಊರ್ ಬದಿಯರ್ ಅಲ್ದಾ? ಇವತ್ತ್ ಅಲ್ಲ್ ನಮ್ ಹುಡ್ಗಿ ಮದಿ" ಎಂದರು ಅವರು. ನಾನು ಫೋನ್ ಕಟ್ ಮಾಡಿದೆ.

ಆಲ್ಬಮ್ ಮಾಡುವಾಗ ಮದುಮಗಳ ತಂದೆ ಬಂದು, ಆ ಖಾಲಿ ಜಾಗ ಮುಚ್ಚಬೇಕು ಎಂದರು. ಕಂಪ್ಯೂಟರಿನಲ್ಲಿ ಅದೇನು ದೊಡ್ಡ ಕೆಲಸವಲ್ಲ. ತಾಯಿಯನ್ನು ಮಗಳ ಬದಿಗೆ ಸರಿಸಿದೆ, ಹಿಂದಿನ ಹೂವಿನ ಅಲಂಕಾರ ಜೋಡಿಸಿದೆ. ನಾನೇ ಹುಡುಕಿದರೂ ಗುರುತು ಸಿಗದಷ್ಟು ಚೆನ್ನಾಗಿ ಬಂತು. ತಂದೆಗೆ ಖುಷಿಯಾಯಿತು, ಅವತ್ತಿನ ಸಿಟ್ಟು ಮರೆತು ಊರೆಲ್ಲ ಹೊಗಳಿದರು. ಗಂಗೊಳ್ಳಿ, ಬೈಂದೂರು, ಬ್ರಹ್ಮಾವರ ಎಂದು ಮದುವೆಗಳು ಬರತೊಡಗಿದವು. ನನ್ನ ಬೋರ್ಡು ನಿಂತದ್ದು ಹೀಗೆ. ಆಲ್ಬಮ್ ಒಯ್ಯುವ ದಿನ ತಾಯಿ ಆ ಪುಟ ತೆರೆದು, ಮೊದಲು ಖಾಲಿಯಿದ್ದ ಕಡೆ ಬೆರಳಿಟ್ಟರು. ನನ್ನನ್ನೊಮ್ಮೆ ನೋಡಿದರು. ಪುಟ ಮುಚ್ಚಿದರು.

ಮದುವೆಯ ಹಿಂದಿನ ದಿನ ಮೆಹಂದಿಯ ಫೋಟೋ ತೆಗೆಯಲು ಮದುಮಗಳ ಮನೆಗೆ ಹೋಗಿದ್ದೆ, ಅಲ್ಲಿ ಗೋಡೆಯ ಮೇಲೆ ಅಣ್ಣನ ಫೋಟೋ ಕಂಡಿದ್ದಿರಬಹುದು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಅಲ್ಲಿ ತೆಗೆದ ಚಿತ್ರಗಳನ್ನೆಲ್ಲ ದೊಡ್ಡದು ಮಾಡಿ ಗೋಡೆಗಳನ್ನು ಹುಡುಕಿದೆ. ಕ್ಯಾಲೆಂಡರು, ದೇವರ ಪಟ ಬಿಟ್ಟು ಬೇರೇನೂ ಇರಲಿಲ್ಲ.

ಒಂದು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಅವರು ನನ್ನ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದರು. ಅದೇ ಕನ್ನಡಕ, ಅದೇ ದಾರ, ಅದೇ ವಾಲಿದ ಕತ್ತು. ಆನೆಗುಡ್ಡೆ ದೇವಸ್ಥಾನಕ್ಕೆ ಬಂದಿದ್ದರಂತೆ, ಸಂಜೆಯ ರೈಲಿಗೆ ವಾಪಸು. "ತಂಗಿ ಮನಿಗ್ ಹೋಯ್ಲಿಲ್ಲ. ಹುಡ್ಗಿ ಮದಿ ಫೋಟೋ ನೀವೇ ತೆಗದ್ದಂಬ್ರ್. ಒಂದ್ ಕಾಂಬುಕ್ ಸಿಕ್ಕತ್ತಾ?" ಎಂದು ಬಹಳ ಸಂಕೋಚದಿಂದ ಕೇಳಿದರು.

ಕಂಪ್ಯೂಟರಿನಲ್ಲಿ ಎರಡೂ ಇದ್ದವು, ಮೊದಲಿನದ್ದೂ ನಾನು ಮುಚ್ಚಿದ್ದೂ. ಮುಚ್ಚಿದ್ದನ್ನು ತೆರೆದೆ. ಅವರು ಕುರ್ಚಿ ಎಳೆದುಕೊಂಡು ಪರದೆಗೆ ಮುಖವಿಟ್ಟು ಮದುಮಗಳನ್ನು ನೋಡಿದರು, ತಂಗಿಯನ್ನು ನೋಡಿದರು. ಆಮೇಲೆ ಅವರಿಬ್ಬರ ನಡುವೆ ಏನನ್ನೋ ಹುಡುಕುತ್ತ ಕೇಳಿದರು.

"ಇದ್ರಗೆ ನಂಗ್ ಜಾಗ ಬಿಟ್ಟಿದ್ರಿ ಅಲ್ದಾ ನೀವ್?"

ಅವತ್ತು ನಕ್ಕವರಲ್ಲಿ ಯಾರಾದರೂ ಅವರಿಗೆ ಹೇಳಿರಬಹುದು. ಹೇಳದೆಯೂ ಇರಬಹುದು. ಕೇಳಿ ತಿಳಿದುಕೊಳ್ಳುವುದಕ್ಕೆ ನನಗೆ ಬಾಯಿಯಿತ್ತು, ಕೇಳಲಿಲ್ಲ. ಪಕ್ಕದ ಫೈಲು ಒತ್ತಿದ್ದರೆ ಆ ಜಾಗವನ್ನಾದರೂ ತೋರಿಸಬಹುದಿತ್ತು, ತೋರಿಸಲಿಲ್ಲ. ತಲೆ ಎತ್ತದೆ "ಇಲ್ಲ" ಎಂದೆ.

ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ದಾರವನ್ನು ಮತ್ತೆ ಕಿವಿಗೆ ಸುತ್ತಿಕೊಂಡರು.

"ಅಡ್ಡಿಲ್ಲ" ಎಂದು ಎದ್ದು ಹೋದರು.