ಇಬ್ಬರ ಗೊರಕೆ, ಒಂದೇ ಚೀಟಿ

ಬಸ್ಸು ಕೆಡಬಹುದಿತ್ತು. ಬಸ್ಸು ಕೆಡದಿದ್ದರೂ ನಾನು ನಿದ್ದೆಹೋಗಿ, ಚಿಕ್ಕಬಳ್ಳಾಪುರದಲ್ಲಿ ಇಳಿಯಬೇಕಾದವನು ಅದರಾಚೆಯ ಪೆರೇಸಂದ್ರದಲ್ಲಿ ಕಣ್ಣು ಬಿಡಬಹುದಿತ್ತು. ಡಾಕ್ಟರು ಊರಲ್ಲಿಲ್ಲದಿರಬಹುದಿತ್ತು, ಇದ್ದರೂ ನನ್ನ ಗಂಟಲೊಳಗೆ ಟಾರ್ಚು ಬಿಟ್ಟು ನೋಡಿ, ಮಾತಿಲ್ಲದೆ ಕನ್ನಡಕ ತೆಗೆದು ಒರೆಸಿಕೊಳ್ಳಬಹುದಿತ್ತು. ಕನ್ನಡಕ ಒರೆಸುವ ಡಾಕ್ಟರನ್ನು ಕಂಡರೆ ನನಗೆ ಜೀವವಿಮೆಯ ನೆನಪಾಗುತ್ತದೆ. ಇಷ್ಟನ್ನೂ ನಾನು ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ, ಬಸ್ಸು ಬರುವ ಮೊದಲೇ ಅನುಭವಿಸಿ ಮುಗಿಸಿದ್ದೆ.

ತೊಂಬತ್ತರ ದಶಕದ ಮಾತು. ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದವರು ಬೀದಿ ನಲ್ಲಿಯ ಬಳಿ ಕೊಡ ಹಿಡಿದು ನಿಂತ ಇಬ್ಬರು ಹೆಂಗಸರು. ನಮ್ಮ ಮನೆಗೂ, ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಬಷೀರನ ಮನೆಗೂ ನಡುವೆ ಒಂದೇ ಗೋಡೆ. ಈಚೆ ನನ್ನ ಗೊರಕೆ, ಆಚೆ ಅವನದು.

“ನಮ್ಮೋರ್ದು ಗೊರಕೆ ನಿಂತ್ರೆ ಉಸಿರೂ ನಿಂತೋಗ್ತದೆ ಕಣಕ್ಕಾ, ನಾನೇ ಅಲ್ಲಾಡಿಸ್ಬೇಕು,” ಅಂದಳಂತೆ ಬಷೀರನ ಹೆಂಡತಿ ನೂರ್‌ಜಾನ್.

“ನಮ್ಮನೇಲೂ ಅದೇ ಕಣಮ್ಮ. ಇವರು ನಿಲ್ಸಿದಾಗ ನಿಮ್ಮೋರ ಸದ್ದು ಕೇಳಿಸ್ತದಲ್ಲ, ಅಷ್ಟೇ ಧೈರ್ಯ,” ಅಂದಳಂತೆ ನನ್ನಾಕೆ.

ರಾತ್ರಿ ಕೆಟ್ಟ ನಿದ್ದೆ ಹಗಲಿನಲ್ಲಿ ವಸೂಲಿಗೆ ಬರುತ್ತಿತ್ತು. ನಾನು ತಾಲ್ಲೂಕು ಕಚೇರಿಯ ಕಡತಗಳ ಮೇಲೆ ತೂಕಡಿಸುತ್ತಿದ್ದೆ. ಅದರಿಂದ ಸರ್ಕಾರಿ ಕೆಲಸ ನಿಧಾನವಾಯಿತೆಂದು ಯಾರಿಗೂ ಗೊತ್ತೇ ಆಗಲಿಲ್ಲ. ಬಷೀರ್ ತೂಕಡಿಸುತ್ತಿದ್ದುದು ಗೂಡು ಕುದಿಯುವ ನೀರಿನ ಮುಂದೆ. ಎಳೆ ಹುಡುಕುವ ಕೈ ಜಾರಿ ಆ ತಿಂಗಳಲ್ಲಿ ಎರಡು ಸಲ ಬೆಂದಿತ್ತು. ಇನ್ನೊಂದು ಸಲ ಹೀಗಾದರೆ ದುಡಿಯುವ ಕೈಯೇ ಹೋದೀತೆಂದು ಹೆದರಿದ ನೂರ್‌ಜಾನ್, “ಅಣ್ಣಾ, ಡಾಕ್ಟ್ರ ಹತ್ರ ನಿಮ್ಜೊತೆ ಇವ್ರನ್ನೂ ಕರ್ಕೊಂಡ್ ಹೋಗಿ,” ಎಂದು ಗಂಡನನ್ನು ನನಗೆ ಒಪ್ಪಿಸಿದಳು.

ಡಾಕ್ಟರು ಸಭ್ಯರು. ನನ್ನನ್ನು ಕೂರಿಸಿ, “ನಿದ್ದೆ ಹೇಗೆ ಬರುತ್ತೆ, ಬೆಳಿಗ್ಗೆ ತಲೆ ಭಾರ ಇರುತ್ತಾ?” ಎಂದು ಅಕ್ಕರೆಯಿಂದ ವಿಚಾರಿಸಿದರು. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯಿರಬಹುದೆಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಮಲಗಿಸಿ ಪರೀಕ್ಷೆ ಮಾಡುತ್ತಾರಂತೆ, ಮೂಗಿಗೆ ಗಾಳಿ ಊದುವ ಯಂತ್ರವೂ ಇದೆಯಂತೆ. ನನಗೆ ಹೊಸ ಚಿಂತೆ ಹತ್ತಿಕೊಂಡಿತು: ನಮ್ಮೂರಿನ ಕರೆಂಟನ್ನು ನಂಬಿ ಉಸಿರಾಡುವುದು ಹೇಗೆ?

ಅಷ್ಟರಲ್ಲಿ ಬಷೀರನ ಸರದಿ. ಹೆಸರು ಕೇಳಿದರು, ಕಸುಬು ಕೇಳಿದರು. ಆಮೇಲೆ ಕಾಯಿಲೆ ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

“ನೋಡಪ್ಪಾ, ಬಿರಿಯಾನಿ ಕಮ್ಮಿ ಮಾಡು, ಬೀಡಿ ಬಿಡು. ಕೆಲಸದ ಮೇಲೆ ಗಮನ ಇರಲಿ.”

“ಬೀಡಿ ಸೇದಲ್ಲ ಸಾರ್. ನಿದ್ದೆ ಬಂದ್ಬಿಟ್ಟು...”

“ಎಲ್ರೂ ಹಂಗೇ ಅಂತಾರೆ,” ಎಂದು ಕೈಗೆ ಮುಲಾಮು ಬರೆದು ಬೆಲ್ ಒತ್ತಿದರು.

ಮಿತ್ರರೇ, ನನ್ನ ಹೊಟ್ಟೆಯನ್ನು ನೀವು ನೋಡಿಲ್ಲ. ಹೋಳಿಗೆ ತುಪ್ಪಗಳಿಂದ ದಶಕಗಟ್ಟಲೆ ಕಟ್ಟಿ ಬೆಳೆಸಿದ ಆ ಸ್ಮಾರಕಕ್ಕೆ ಒಂದು ಮಾತೂ ಇಲ್ಲ. ಹಬ್ಬಕ್ಕೊಮ್ಮೆ ಬಿರಿಯಾನಿ ಉಣ್ಣುವ, ಕಡ್ಡಿಯಂಥ ಬಷೀರನಿಗೆ ಪಥ್ಯ. ನಮ್ಮ ಮನೆಗಳ ನಡುವಿನ ಗೋಡೆಗೆ ತಡೆಯಲಾಗದ ಗೊರಕೆಯನ್ನು ಡಾಕ್ಟರ ಮೇಜು ಸುಲಭವಾಗಿ ತಡೆದಿತ್ತು.

ವಾಪಸ್ಸು ಬರುವಾಗ ಬಷೀರ್ ನನ್ನ ಹೆಗಲಿಗೊರಗಿ ನಿದ್ದೆಹೋದ. ಉಸಿರು ನಿಂತಾಗಲೆಲ್ಲ ಮೊಣಕೈಯಿಂದ ತಿವಿಯುತ್ತಾ, ಅದು ಮತ್ತೆ ಹೊರಟಾಗ ನಾನೂ ಉಸಿರು ಬಿಡುತ್ತಾ ಬಂದೆ. ಜೇಬಿನ ಚೀಟಿ ಎದೆಗೆ ಚುಚ್ಚುತ್ತಿತ್ತು.

ಬಾಗಿಲಲ್ಲೇ ಕಾದಿದ್ದಳು ನೂರ್‌ಜಾನ್. “ನಿದ್ದೆ ವಿಷ್ಯಕ್ಕೆ ಏನಂದ್ರು ಅಣ್ಣಾ?”

“ಅವರು ಕೇಳಲೇ ಇಲ್ಲಮ್ಮ.”

“ನೀವಿದ್ರಲ್ಲಾ ಪಕ್ಕದಲ್ಲೇ?”

ಬಸ್ಸು ಕೆಡಲಿಲ್ಲ. ಪೆರೇಸಂದ್ರ ಕಾಣಲಿಲ್ಲ. ಡಾಕ್ಟರು ಊರಲ್ಲೇ ಇದ್ದರು, ಕನ್ನಡಕವನ್ನೂ ಒರೆಸಲಿಲ್ಲ. ಆ ದಿನ ತಪ್ಪಿದ್ದು ಒಂದೇ ಒಂದು: ಇನ್ನೂ ಬಾರದ ಯಂತ್ರದ, ಇನ್ನೂ ಹೋಗದ ಕರೆಂಟಿನ ಚಿಂತೆಯಲ್ಲಿ ಮುಳುಗಿದ್ದ ನಾನು, “ಇವನಿಗೂ ನನ್ನ ಕಾಯಿಲೆಯೇ ಸಾರ್,” ಅನ್ನಲಿಲ್ಲ.