ಕರದ ಅಂಟು

ನನ್ನ ಸೋದರತ್ತೆಯ ಕರದಂಟನ್ನು ಕಾಗದ ಅಂಟಿಸುವ ಗೋಂದೆಂದು ಬಗೆದು, ತಿದ್ದುಪಡಿ ಕೊಟ್ಟ ಮೇಲೂ ಉತ್ತರಿಸದೆ ಕುಳಿತ ತೆರಿಗೆ ಅಧಿಕಾರಿಗಳು ಹೊಣೆಗೇಡಿಗಳೆಂದು ನಾನು ನೇರವಾಗಿ ಆರೋಪಿಸುತ್ತೇನೆ. ಆರೋಪದ ಅರ್ಧ ಪಾಲು ನನಗೂ ತಗಲುತ್ತದೆ. ಅರ್ಜಿ ತುಂಬಿದವಳು ನಾನು.

ಅಮೀನಗಡದ ನನ್ನ ಅತ್ತೆ ಶಂಕ್ರವ್ವ ತುಪ್ಪದಲ್ಲಿ ತಿನ್ನುವ ಅಂಟು ಅರಳಿಸಿ, ಬೆಲ್ಲದ ಪಾಕಕ್ಕೆ ಒಣಕೊಬ್ಬರಿ, ಉತ್ತತ್ತಿ ಸೇರಿಸಿ ಮನೆಯಲ್ಲೇ ಕರದಂಟು ಮಾಡುತ್ತಾಳೆ. ಹುನಗುಂದ, ಇಳಕಲ್ಲಿನಲ್ಲಿ ಮಾರುತ್ತಿದ್ದಷ್ಟು ದಿನ ಯಾರೂ ಏನೂ ಕೇಳಿರಲಿಲ್ಲ. ಈ ವರ್ಷ ಸೊಲ್ಲಾಪುರದ ಅಂಗಡಿಯೊಂದು, ಸೊಂಟಕ್ಕೆ ಬಲವೆಂದು ಬಾಣಂತಿಯರು ಕೇಳುತ್ತಾರೆಂದು, ಪ್ರತಿ ತಿಂಗಳೂ ಬೇಕೆಂದಿತು. ರಾಜ್ಯದ ಗಡಿ ದಾಟಬೇಕಾದರೆ, ವ್ಯಾಪಾರ ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಬೇಕು. ದೇಶಕ್ಕೆಲ್ಲ ಒಂದೇ ತೆರಿಗೆ ಎಂದವರು ಗಡಿಯನ್ನು ಅಳಿಸಲಿಲ್ಲ. ಮಡಚಿ ಅರ್ಜಿಯೊಳಗೆ ಇಟ್ಟರು.

ಒಕ್ಕೂಟದ ಹಣಕಾಸಿನ ಮೇಲೆ ದಪ್ಪನೆಯ ಪ್ರಬಂಧ ಬರೆದವಳಿಗೆ ಒಂದು ಅರ್ಜಿ ಎಷ್ಟರದು? ಸರಕಿನ ವಿವರವನ್ನು ಇಂಗ್ಲಿಷಿನಲ್ಲಿ ಕೇಳಿದ್ದರು. ಅಂಟಿಗೆ ‘ಗಮ್’ ಎಂಬ ಸಮಾನಪದ ಹುಡುಕಿ, ಸರಕುಗಳ ಪಟ್ಟಿಯಲ್ಲಿ ಗೋಂದಿನ ಸಾಲಿಗೆ ಗುರುತು ಹಾಕಿದೆ. ಯಾವ ರಾಸಾಯನಿಕ ಬಳಸುತ್ತೀರಿ ಎಂದು ತೆರಿಗೆ ಕಚೇರಿಯಿಂದ ಪ್ರಶ್ನೆ ಬಂತು.

“ಏನಂತ ಬರದಿ ಹೇಳವ್ವಾ?” ಎಂದಳು ಅತ್ತೆ.

“ಗೋಂದು ಅಂತ ಬರದೇನಿ.”

“ಬಾಣಂತ್ಯಾರ ನಡಾ ಅಂಟಸೂ ಗೋಂದು ಅಂತರ ಬರೀಬೇಕಿತ್ತಿಲ್ಲೊ. ಭಾಳ ಓದೀದಿ ನೀ, ಖರೆ.”

ಕರಿದ ಅಂಟೇ ನಾಲಿಗೆಯ ಮೇಲೆ ಸವೆದು ಕರದಂಟಾಗಿರಬೇಕೆಂದು ನನ್ನ ಊಹೆ. ಆದರೆ ಕರವೆಂದರೆ ಕೈಯೂ ಹೌದು, ತೆರಿಗೆಯೂ ಹೌದು. ಕೈಗೆ ಹತ್ತಿದ ಅಂಟು ಬಿಸಿನೀರಿಗೆ ಬಿಡುತ್ತದೆ. ಇನ್ನೊಂದಕ್ಕೆ ಯಾವ ನೀರು ಕಾಯಿಸಬೇಕೋ ನನ್ನ ಪ್ರಬಂಧದಲ್ಲಿರಲಿಲ್ಲ.

ಸಿಹಿತಿಂಡಿ ಎಂದು ತಿದ್ದಿ ಕಳಿಸಿದೆ. ಅಂದಿನಿಂದ ಪರದೆಯ ಮೇಲೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಪದ. ಈ ತಿಂಗಳು ಮುಗಿದರೆ ಬೇರೆಯವರಿಂದ ತರಿಸುವೆವೆಂದು ಸೊಲ್ಲಾಪುರದವರು ಹೇಳಿಯಾಗಿದೆ. ಅತ್ತೆಗೆ ಮಾತ್ರ ಸಿಟ್ಟಿಲ್ಲ.

“ಒಂದ್ ಡಬ್ಬಿ ಒಯ್ದು ಸಾಹೇಬ್ರಿಗೆ ಕೊಟ್ಟ್ ಬಾ. ತಿಂದ್ರ ತಿಳೀತೈತಿ.”

“ಅತ್ತಿ, ಅದಕ್ಕ ಲಂಚ ಅಂತಾರ.”

“ಲಂಚ ಹೆಂಗ? ಅದು ಸಾಕ್ಷಿ.”

ಕಾಯ್ದೆಯ ಪುಸ್ತಕ ತಿರುವಿದೆ. ತಿನ್ನಬಹುದಾದ ಸಾಕ್ಷಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಡಬ್ಬಿಯನ್ನಂತೂ ಒಯ್ಯಲಿಲ್ಲ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ: ಕರದಂಟು ಏನೆಂದು ತಾವು ತೀರ್ಮಾನಿಸಿದ್ದೀರಿ ಎಂಬುದನ್ನು, ಶಂಕ್ರವ್ವ ಓದಬಲ್ಲ ಕನ್ನಡದಲ್ಲಿ, ತಮ್ಮ ಸಹಿಯೊಂದಿಗೆ ತಿಳಿಸಿ, ತಿಂಗಳು ಮುಗಿಯುವುದರೊಳಗೆ ನೋಂದಣಿ ಮಂಜೂರು ಮಾಡಬೇಕು. ಸಂದೇಹ ಉಳಿದಿದ್ದರೆ ನಿಯಮದಂತೆ ಸ್ಥಳ ಪರಿಶೀಲನೆಗೆ ದಯಮಾಡಿಸಬೇಕು. ಬೆಳಗಿನ ಹೊತ್ತಾದರೆ ಒಳ್ಳೆಯದು, ಪಾಕ ಬಿಸಿಯಿರುತ್ತದೆ. ಆ ಮನೆಯಿಂದ ಬಾಯಿ ತೆರೆಯದೆ ಹೊರಬಿದ್ದವರನ್ನು ನಾನು ಈವರೆಗೆ ಕಂಡಿಲ್ಲ.